ಗಮನವನ್ನು ಪಾವತಿ ಮಾಡುವ ಭಾಷೆ

ಕನ್ನಡದಲ್ಲಿ ನಾವು ಗಮನ ಕೊಡುತ್ತೇವೆ, ಲಕ್ಷ್ಯವಿಡುತ್ತೇವೆ, ಕಿವಿಗೊಡುತ್ತೇವೆ. ಇಂಗ್ಲಿಷರು ಮಾತ್ರ ಗಮನವನ್ನು ಪಾವತಿ ಮಾಡುತ್ತಾರೆ. 'ಪೇ ಅಟೆನ್ಷನ್' ಎಂಬ ನುಡಿಗಟ್ಟನ್ನು ಶಾಲೆಯ ದಿನಗಳಿಂದಲೇ ಕೇಳುತ್ತ ಬಂದಿರುವ ನಮಗೆ ಅದರ ವೈಚಿತ್ರ್ಯ ತಟ್ಟುವುದಿಲ್ಲ. ಬಾಡಿಗೆಗೂ ಬಡ್ಡಿಗೂ ಒಪ್ಪುವ ಕ್ರಿಯಾಪದ ಮನಸ್ಸಿನ ವ್ಯಾಪಾರಕ್ಕೆ ಹೇಗೆ ಬಂದು ಸೇರಿತು? ನೆರೆಯ ಫ್ರೆಂಚರು ಗಮನವನ್ನು 'ಮಾಡುತ್ತಾರೆ'. ಸ್ಪೇನಿನವರು ಕಡ ಕೊಡುತ್ತಾರೆ. ಜರ್ಮನರು ಅದನ್ನು ಉಡುಗೊರೆಯಾಗಿ ಕೊಡುವುದೂ ಉಂಟು. ಅಂಗಡಿಕಾರರ ರಾಷ್ಟ್ರವೆಂಬ ಮಾತನ್ನು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಬಳಸಿದ್ದಾನೆ. ಅದನ್ನು ಇಲ್ಲಿ ಅನ್ವಯಿಸಿ ನಕ್ಕುಬಿಡುವುದು ಸುಲಭ. ಆದರೆ ಶಬ್ದದ ಚರಿತ್ರೆ ಬೇರೊಂದನ್ನೇ ಹೇಳುತ್ತದೆ.

'ಪೇ' ಎಂಬುದರ ಮೂಲ ಲ್ಯಾಟಿನ್ನಿನ 'ಪಾಕಾರೆ'. ಶಾಂತಿ ಎಂಬರ್ಥದ 'ಪಾಕ್ಸ್' ಶಬ್ದದಿಂದ ಹುಟ್ಟಿದ್ದು. ಸಮಾಧಾನಪಡಿಸು ಎಂಬುದೇ ಅದರ ಮೊದಲ ಅರ್ಥ. ಬಾಗಿಲಲ್ಲಿ ಬಂದು ನಿಂತ ಸಾಹುಕಾರನನ್ನು ಸಮಾಧಾನಪಡಿಸುವ ಉಪಾಯ ಒಂದೇ ಆದುದರಿಂದ, ಹಳೆಯ ಫ್ರೆಂಚನ್ನು ಹಾದು ಇಂಗ್ಲಿಷಿಗೆ ಬಂದ ಆ ಪದಕ್ಕೆ ಹಣ ತೆರುವ ಅರ್ಥ ಗಟ್ಟಿಯಾಗಿ, ಶಾಂತಿಯ ಅರ್ಥ ಅಳಿದುಹೋಯಿತು. ಇಂಗ್ಲಿಷರು ಭೇಟಿಯನ್ನೂ ಗೌರವವನ್ನೂ ಪ್ರಶಂಸೆಯನ್ನೂ ಇದೇ ಕ್ರಿಯಾಪದದಿಂದ ಹೇಳುತ್ತಾರೆ. ಅಲ್ಲೆಲ್ಲ ಇರುವುದು ವ್ಯಾಪಾರವಲ್ಲ, ಋಣ. ಇದಕ್ಕೆ ನಮ್ಮಲ್ಲಿ ಸಮನಾದ ಮಾತಿದೆಯೇ ಎಂದು ಹುಡುಕಿದರೆ, 'ಸಲ್ಲಿಸು' ಎಂಬ ಕ್ರಿಯಾಪದ ಅಚ್ಚರಿಯಾಗುವಷ್ಟು ಹತ್ತಿರ ನಿಲ್ಲುತ್ತದೆ. ಕಂದಾಯ ಸಲ್ಲಿಸುತ್ತೇವೆ, ಕಪ್ಪ ಸಲ್ಲಿಸುತ್ತೇವೆ. ಪೂಜೆಯನ್ನೂ ಗೌರವವನ್ನೂ ಸಲ್ಲಿಸುತ್ತೇವೆ. ಸಲ್ಲುವ ನಾಣ್ಯ, ಸಲ್ಲದ ಮಾತು ಎಂಬ ಬಳಕೆಗಳೂ ಅದೇ ಬೇರಿನವು. 'ಗಮನ ಸಲ್ಲಿಸು' ಎಂದು ನಮ್ಮವರೇಕೆ ಹೇಳಲಿಲ್ಲವೋ!

ಇನ್ನು 'ಅಟೆನ್ಷನ್'. ಲ್ಯಾಟಿನ್ನಿನಲ್ಲಿ ಅದು ಒಂದರತ್ತ ಚಾಚಿಕೊಳ್ಳುವುದು, ಬಿಗಿಯಾಗಿ ಎಳೆದು ನಿಲ್ಲುವುದು. ಆ ಧಾತುವೂ ಸಂಸ್ಕೃತದ 'ತನ್' ಧಾತುವೂ ಒಂದೇ ಮೂಲದವು. ಹಾಗಾಗಿ ವೀಣೆಯ ತಂತಿಗೂ ಮಗ್ಗದ ತಂತುವಿಗೂ ಈ ಶಬ್ದ ದೂರದ ದಾಯಾದಿ. ಫ್ರೆಂಚಿನಲ್ಲಿ ಅದೇ ಕ್ರಿಯಾಪದಕ್ಕೆ ಈಗ ಕಾಯುವುದು ಎಂದರ್ಥ. ನಮ್ಮ 'ಗಮನ'ವಾದರೂ ಸಂಸ್ಕೃತದಲ್ಲಿ ನಡೆಯುವುದೇ. ಮನಸ್ಸು ಎದ್ದು ಹೋಗುವುದು, ಚಾಚುವುದು, ಕಾಯುವುದು—ಮೂರರಲ್ಲಿ ನನಗೆ ಮೆಚ್ಚುಗೆಯಾದದ್ದು ಕೊನೆಯದು.

ಷೇಕ್ಸ್‌ಪಿಯರನ ಆಂಟನಿ ರೋಮಿನ ಜನರಿಂದ ಕಿವಿಗಳನ್ನು ಕಡ ಮಾತ್ರ ಬೇಡುತ್ತಾನೆ. ಕಡವೆಂದರೆ ಹಿಂತಿರುಗಿಸಬೇಕಾದದ್ದು. ಆತ ಹಿಂತಿರುಗಿಸಿದ್ದು ದಂಗೆಯನ್ನು ಎಂಬುದು ಬೇರೆ ಮಾತು.

ಹೀಗೆ ಋಣದ ಮಾತಾಗಿದ್ದ ನುಡಿಗಟ್ಟು ನಿಜಕ್ಕೂ ವ್ಯಾಪಾರದ ಮಾತಾದದ್ದು ಅಮೆರಿಕದಲ್ಲಿ. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕಿನಲ್ಲಿ 'ಸನ್' ಪತ್ರಿಕೆಯನ್ನು ಹೊರಡಿಸಿದ. ಇತರ ಪತ್ರಿಕೆಗಳಿಗೆ 6 ಸೆಂಟ್ ಇದ್ದಾಗ ಆತ ಇಟ್ಟ ಬೆಲೆ 1 ಸೆಂಟ್. ಓದುಗರಿಗೆ ಆತ ಪತ್ರಿಕೆ ಮಾರಿದನೆಂಬುದು ಅರ್ಧ ಸತ್ಯ. ಜಾಹೀರಾತುದಾರರಿಗೆ ಓದುಗರನ್ನು ಮಾರಿದನೆಂಬುದು ಉಳಿದರ್ಧ. 1922ರಲ್ಲಿ ಅದೇ ನಗರದ ಬಾನುಲಿ ಕೇಂದ್ರವೊಂದು ಮನೆ ಕಟ್ಟಿಸುವ ಕಂಪನಿಯಿಂದ ಹಣ ಪಡೆದು ಭಾಷಣ ಬಿತ್ತರಿಸಿತು. ಬ್ರಿಟನ್ನಿನಲ್ಲಿ ಅದೇ ವರ್ಷ ಕೇಳುಗನೇ 10 ಷಿಲ್ಲಿಂಗ್ ಲೈಸೆನ್ಸ್ ತೆತ್ತು ಬಾನುಲಿಯನ್ನು ಕೇಳತೊಡಗಿದ್ದ. ಒಂದು ಕಡೆ ಕಾಸು ಕೊಟ್ಟು ಕೇಳಿದರು. ಇನ್ನೊಂದು ಕಡೆ ಕೇಳಿದ್ದೇ ಕಾಸಾಯಿತು. ಬಾನುಲಿಯಲ್ಲಿ ಮಾತನಾಡುವ ನಾನು ಈ ಭೇದವನ್ನು ಲಘುವಾಗಿ ಎಣಿಸಲಾರೆ.

ಸಾಹುಕಾರ ಹಿಂದೆ ಹಣ ಸಂದ ಮೇಲೆ ಶಾಂತನಾಗಿ ಎದ್ದು ಹೋಗುತ್ತಿದ್ದ. ಇಂದಿನವನು ಎಷ್ಟು ಸಂದರೂ ಜಗಲಿ ಬಿಟ್ಟು ಏಳುವುದಿಲ್ಲ. ಮಾಹಿತಿ ಹೆಚ್ಚಿದಷ್ಟೂ ಅದು ತಿಂದುಹಾಕುವ ಗಮನಕ್ಕೆ ಬಡತನ ಬರುತ್ತದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲಿ ವಿವರಿಸಿದರು. ಕೈಯಲ್ಲಿ ಹಿಡಿದ ಫೋನಿನಿಂದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊದಲ ಕರೆ ಮಾಡಿದ್ದು ಅದಾದ 2 ವರ್ಷಗಳ ಮೇಲೆ.