ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಅಮೆರಿಕ ದೇಶದ ಸಣ್ಣ ಪಟ್ಟಣಗಳಲ್ಲಿ 19ನೆಯ ಶತಮಾನದಲ್ಲಿ ಅಂಗಡಿಯ ಯಜಮಾನರೇ ಪುರಾಧ್ಯಕ್ಷರಾಗುವುದು ಅಪರೂಪವಾಗಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಪುರಸಭೆಯು 1862ರಲ್ಲಿಯೇ ಹುಟ್ಟಿತಾದರೂ, ಅದಕ್ಕೆ ಗೌರವಾಧ್ಯಕ್ಷ ಪದವಿಯು ಏರ್ಪಟ್ಟುದು 1913ರಲ್ಲಿ. ಆದುದರಿಂದ ಅದಕ್ಕೆ ಹಿಂದಿನ ವರ್ತಕರ ಪೌರಸೇವೆಯನ್ನು ನಾವು ಅವರು ಕಟ್ಟಿಸಿದ ಕಟ್ಟಡಗಳಲ್ಲಿಯೇ ಅರಸಬೇಕಾಗಿದೆ. ಅಂಥವರಲ್ಲಿ ಒಬ್ಬರು ಗುಬ್ಬಿ ತೋಟದಪ್ಪನವರು.

ಇವರು 1838ರಲ್ಲಿ ಗುಬ್ಬಿಯ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ತೊಡಗಿ, ದುಡಿದು ಐಶ್ವರ್ಯವಂತರಾದರು. ಆದರೆ ಅವರಿಗೆ ಸಂತಾನವಿರಲಿಲ್ಲ. ಇಷ್ಟೆಲ್ಲ ಗಳಿಸಿದುದು ಯಾರಿಗಾಗಿ ಎಂಬ ಪ್ರಶ್ನೆ ಅವರ ಮುಂದೆ ನಿಂತಿತು.

ಅದಕ್ಕೆ ಉತ್ತರವು ರೈಲ್ವೆ ನಿಲ್ದಾಣದ ಬಳಿ ದೊರೆಯಿತು. 1882ರ ವೇಳೆಗೆ ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡತೊಡಗಿತ್ತು. ಆನೇಕಲ್ಲಿನಂಥ ಸಣ್ಣ ಊರಿನಲ್ಲಿ ಪರಸ್ಥಳದವನಿಗೆ ಯಾರದಾದರೂ ಜಗಲಿ ದೊರೆತೀತು. ನೆಂಟರಿಲ್ಲದ ನಗರದಲ್ಲಿ ಇಳಿದವನು ಗಂಟುಮೂಟೆಗಳೊಡನೆ ಎಲ್ಲಿಗೆ ಹೋಗಬೇಕು? ತೋಟದಪ್ಪನವರು 1897ರಲ್ಲಿ ನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ನೆಲವನ್ನು ರೈಲ್ವೆಯವರಿಂದ 10,000 ರೂಪಾಯಿಗೆ ಕೊಂಡರು. ಮರುವರ್ಷವೇ ಊರಿಗೆ ಪ್ಲೇಗು ಹೊಕ್ಕು ಜನರು ಮನೆಗಳನ್ನು ಬಿಟ್ಟು ಹೊರಟರು. ಅಂಥ ವಿಪತ್ಕಾಲವನ್ನು ದಾಟಿ ಛತ್ರವು ಪೂರ್ಣವಾಯಿತು. 1903ನೆಯ ಫೆಬ್ರವರಿ 11ರಂದು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ತೆರೆದರು.

ಮಳಿಗೆಯನ್ನು ಎಲ್ಲಿ ಹೂಡಬೇಕೆಂಬುದನ್ನು ವರ್ತಕನು ಬಲ್ಲನು. ದಾನದಲ್ಲಿಯೂ ತೋಟದಪ್ಪನವರು ಆ ವಿವೇಕವನ್ನೇ ಬಳಸಿದರು. ಹಸಿದವನು ದಾತಾರನ ಮನೆಯನ್ನು ಹುಡುಕಿಕೊಂಡು ಬರಲೆಂದು ಕಾಯದೆ, ಅವನು ಇಳಿಯುವ ಕಡೆಯಲ್ಲಿಯೇ ನೆರಳನ್ನು ಕಟ್ಟಿಸಿದರು. ಪ್ರವಾಸಿಗಳಿಗೆ ತಂಗುದಾಣವಷ್ಟೇ ಅಲ್ಲದೆ, ಓದಲು ಬರುವ ಹಳ್ಳಿಯ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವೂ ಅವರ ಧರ್ಮದಿಂದ ನಡೆಯಿತು. ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿದುದರಿಂದ, ಕೊಟ್ಟವರು ಕಾಲವಾದರೂ ಕೊಡುಗೆಯು ನಿಲ್ಲಲಿಲ್ಲ. ಅರಮನೆಯಿಂದ ಧರ್ಮಪ್ರವರ್ತರೆಂದೂ, ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರರೆಂದೂ ಬಿರುದು ಪಡೆದರು.

1910ರಲ್ಲಿ ಅವರು ದೈವಾಧೀನರಾದರು. ಗೌರವಾಧ್ಯಕ್ಷ ಪದವಿಯು ಬರಲು ಇನ್ನೂ ಮೂರು ವರ್ಷಗಳಿದ್ದುವು. ಪುರಾಧ್ಯಕ್ಷರ ಪೀಠವಿಲ್ಲದೆಯೂ ಪುರದ ಭಾರವನ್ನು ಹೊರಬಹುದೆಂಬುದಕ್ಕೆ ಇವರೇ ಸಾಕ್ಷಿ. ಮಕ್ಕಳಿಲ್ಲವೆಂದು ಕೊರಗಿದವರ ಹೆಸರನ್ನು, ಮೊದಲ ಬಾರಿಗೆ ನಗರಕ್ಕೆ ಬಂದಿಳಿದ ಎಷ್ಟೋ ಬಡ ಹುಡುಗರು ಮನೆಯ ಹಿರಿಯರ ಹೆಸರಿನಂತೆ ನೆನೆದಿದ್ದಾರೆ.