ಕೂಟ ಯಾರದು?

ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದರೆ ತೆಂಕುತಿಟ್ಟಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಳೆಗಾಲವಿಡೀ ತಾಳಮದ್ದಳೆಯ ಕಾಲ. ಜುಲೈ, ಆಗಸ್ಟ್ ಹೊತ್ತಿಗೆ ಅದರ ಒಂದು ಪಾಲು ಮುಂಬಯಿಗೂ ಬರುತ್ತದೆ. ಅಜೆಕಾರು ಕಲಾಭಿಮಾನಿ ಬಳಗದಂಥ ಸಂಸ್ಥೆಗಳು ಊರಿನ ಕಲಾವಿದರನ್ನು ಕರೆಸಿ ಸರಣಿ ಕೂಟ ನಡೆಸುತ್ತವೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಸಭಾಗೃಹಗಳಲ್ಲಿ, ದೇವಸ್ಥಾನಗಳಲ್ಲಿ ರಜೆಯ ದಿನ ಮೂರು ತಾಸು ಕೃಷ್ಣನೂ ಕೌರವನೂ ಮಾತಾಡಿಕೊಳ್ಳುತ್ತಾರೆ. ಕೂಟ ಮುಗಿದ ಮೇಲೆ ಎರಡು ಬಗೆಯ ಅಭಿಪ್ರಾಯ ಇದ್ದೇ ಇರುತ್ತದೆ. ವಾಲಿ ಇವತ್ತು ರಾಮನನ್ನು ಹೇಗೆ ಕಟ್ಟಿಹಾಕಿದ ಎಂಬ ಖುಷಿ ಒಂದು. ಇದು ತಾಳಮದ್ದಳೆಯೇ ಅಲ್ಲ, ಕೋರ್ಟು ಎಂಬ ಸಿಟ್ಟು ಇನ್ನೊಂದು. ಈ ಸಿಟ್ಟಿಗೂ ಒಂದು ಚರಿತ್ರೆ ಇದೆ.

ತಾಳಮದ್ದಳೆ ನೋಡದವರಿಗೆ ಅದರ ಕಟ್ಟುಪಾಡು ಸ್ವಲ್ಪ ಹೇಳಬೇಕು. ಯಕ್ಷಗಾನದ ವೇಷ, ಕುಣಿತ ಇಲ್ಲಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಮದ್ದಳೆ, ಚೆಂಡೆ ಜೊತೆಗಿರುತ್ತವೆ. ಎದುರುಬದುರು ಕುಳಿತ ಅರ್ಥಧಾರಿಗಳು ಪಾತ್ರವಾಗಿ ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಬರೆದ ಸಂಭಾಷಣೆ ಇಲ್ಲ. ಎದುರಾಳಿ ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಕಥೆ ಎಲ್ಲಿಗೆ ಮುಟ್ಟಬೇಕೆಂಬುದು ಮಾತ್ರ ಖಚಿತ. ವಾಲಿ ಬೀಳಲೇಬೇಕು, ಕೃಷ್ಣನ ಸಂಧಾನ ಮುರಿಯಲೇಬೇಕು. ದಾರಿ ಮಾತ್ರ ಆಡುವವರದು. ಬಳ್ಳಾರಿ ಸೀಮೆಯ ಸೋಮಸಮುದ್ರದ 1556ರ ಶಾಸನ ತಾಳಮದ್ದಳೆಯವರಿಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಅಂದರೆ ಈ ಆಟಕ್ಕೆ ನಾಲ್ಕೂವರೆ ಶತಮಾನ ದಾಟಿದೆ.

ಮೇಜಿನ ಸುತ್ತ ಕುಳಿತು, ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸುವ ಇನ್ನೊಂದು ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅದು. ಅಲ್ಲಿ ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಇರುತ್ತಾನೆ, ವಿಧಿಯ ಜಾಗದಲ್ಲಿ ದಾಳ ಉರುಳುತ್ತದೆ. ಆದರೆ ಆ ಆಟಕ್ಕೆ ಒಡೆಯನಿದ್ದಾನೆ. 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಅದನ್ನು ಕೊಂಡಿತು, 1999ರಲ್ಲಿ ಆ ಕಂಪನಿಯನ್ನೇ ಹ್ಯಾಸ್ಬ್ರೋ ಕೊಂಡಿತು. 2000ದಲ್ಲಿ ಮೂಲ ನಿಯಮಗಳನ್ನು ಯಾರೂ ಬಳಸಬಹುದೆಂಬ ಮುಕ್ತ ಪರವಾನಗಿ ಬಂತು. 2008ರ ನಾಲ್ಕನೆಯ ಆವೃತ್ತಿಯನ್ನು ಅನೇಕ ಹಳಬರು ಒಪ್ಪಲಿಲ್ಲ. ಪಾತ್ರ ಹೋಗಿ ಕಾಳಗ ಉಳಿಯಿತು, ಕಂಪ್ಯೂಟರ್ ಗೇಮ್‌ನಂತಾಯಿತು ಎಂದರು. ಹಳೆಯ ನಿಯಮಗಳು ಮುಕ್ತವಾಗಿದ್ದರಿಂದ ಪೈಝೋ ಎಂಬ ಪ್ರಕಾಶನ ಅವುಗಳ ಮೇಲೆಯೇ 2009ರಲ್ಲಿ ಪಾತ್‌ಫೈಂಡರ್ ಕಟ್ಟಿತು, ಸಿಟ್ಟಾದವರು ಅತ್ತ ನಡೆದರು. 2023ರ ಜನವರಿಯಲ್ಲಿ ಆ ಪರವಾನಗಿಯನ್ನೇ ಬಿಗಿಗೊಳಿಸುವ ಕರಡು ಸೋರಿಕೆಯಾದಾಗ ಅಭಿಮಾನಿಗಳು ಕಂಪನಿಯ ಆನ್‌ಲೈನ್ ಸೇವೆಯ ಚಂದಾ ರದ್ದು ಮಾಡತೊಡಗಿದರು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿತು.

ಅಲ್ಲಿ ಸಿಟ್ಟಿಗೆ ಒಂದು ವಿಳಾಸವಿತ್ತು. ತಾಳಮದ್ದಳೆಯ ಸಿಟ್ಟಿಗೆ ಅದಿಲ್ಲ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೆ ಪರವಾನಗಿ ಬೇಡ. ಇಲ್ಲಿ ಯಾರ ಚಂದಾ ರದ್ದು ಮಾಡುವುದು?

ತಕರಾರು ಮಾತ್ರ ಹೆಚ್ಚುಕಡಿಮೆ ಒಂದೇ: ಪಾತ್ರ ಹೋಗಿ ಗೆಲುವು ಉಳಿಯಿತು ಎಂಬುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶೇಣಿ ಗೋಪಾಲಕೃಷ್ಣ ಭಟ್, ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ದೇರಾಜೆ ಸೀತಾರಾಮಯ್ಯನವರಂಥವರು ಅರ್ಥಗಾರಿಕೆಯನ್ನು ಎತ್ತರಕ್ಕೆ ಒಯ್ದರು. ಪ್ರಸಂಗದ ಹೆಸರಿಗಿಂತ ಜೋಡಿಯ ಹೆಸರು ನೋಡಿ ಜನ ಸೇರುವ ಕಾಲ ಬಂತು. ಶೇಣಿಯವರ ವಾಲಿ, ರಾವಣ, ಮಾಗಧರು ಕಥೆಯಲ್ಲಿ ಸೋತರೂ ಮಾತಿನಲ್ಲಿ ಸೋಲುತ್ತಿರಲಿಲ್ಲ. ಮೆಚ್ಚಿದವರು ಇದನ್ನು ಪಾತ್ರಕ್ಕೆ ದೊರೆತ ನ್ಯಾಯ ಎಂದರು. ಒಪ್ಪದವರ ಪ್ರಶ್ನೆಯೂ ಹಗುರದ್ದಲ್ಲ: ಮರೆಯಿಂದ ಬಾಣ ಬಿಟ್ಟ ರಾಮನಿಗೆ ಉತ್ತರವೇ ಇಲ್ಲದಂತೆ ಮಾಡಿದರೆ, ಮುಂದಿನ ಪದ್ಯದಲ್ಲಿ ವಾಲಿ ಅವನಿಗೆ ಶರಣಾಗುವುದು ಹೇಗೆ? ಮಾತು ಬೆಳೆದಷ್ಟೂ ಪದ್ಯ ಕಡಿಮೆಯಾಗುತ್ತದೆ, ಹಾಡಬೇಕಾದ ಭಾಗವತರು ಕೇಳುತ್ತ ಕೂರುತ್ತಾರೆ.

ಮಾತಿನ ಮೇಲಿನ ಈ ಅಸಮಾಧಾನವನ್ನು ತೀರ ಕೊನೆಗೆ ಒಯ್ದವರು ಶಿವರಾಮ ಕಾರಂತರು. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ತಮ್ಮ ರಂಗಪ್ರಯೋಗಗಳಲ್ಲಿ ಮಾತನ್ನು ಬಹುಪಾಲು ಕೈಬಿಟ್ಟು ಹಾಡು, ಕುಣಿತಗಳನ್ನೇ ನೆಚ್ಚಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. ಆಗ ಸಿಟ್ಟಾಗುವ ಸರದಿ ಇನ್ನೊಂದು ಪಂಗಡದ್ದಾಯಿತು. ಒಡೆಯನಿಲ್ಲದ ಕಲೆಯಲ್ಲಿ ಪ್ರತಿಯೊಬ್ಬ ಅಭಿಮಾನಿಯೂ ತನ್ನ ಆವೃತ್ತಿಯನ್ನು ತಾನೇ ಕಟ್ಟಬಲ್ಲ, ಇನ್ನೊಬ್ಬರ ಆವೃತ್ತಿಯನ್ನು ಮಾತ್ರ ತಡೆಯಲಾರ.

ಮುಂಬಯಿಯ ಅಂಚಿನ ಊರುಗಳಲ್ಲಿ ಈ ಪ್ರಶ್ನೆಗೆ ಬೇರೆಯೇ ಒಂದು ತಿರುವಿದೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯಿಂದ ಹೋಟೆಲು, ಕಚೇರಿ, ಕಾರ್ಖಾನೆಗಳಿಗೆ ಬಂದವರು ರಾತ್ರಿಶಾಲೆಯಲ್ಲಿ ಓದಿದರು, ಸಂಘ ಕಟ್ಟಿದರು. ಬಾಡಿಗೆ ಏರಿದಂತೆ ಥಾಣೆಯಾಚೆಗೂ, 1970ರಲ್ಲಿ ಸಿಡ್ಕೋ ಹುಟ್ಟಿದ ಮೇಲೆ ಖಾಡಿಯ ಆಚೆಯ ಹೊಸ ನಗರಕ್ಕೂ ಸರಿದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ನಡೆಸುತ್ತದೆ. ಇಂಥ ಕಡೆ ಹಗಲು ಬೇರೆ ಕೆಲಸ ಮಾಡುವ ಹವ್ಯಾಸಿಗಳೇ ಅರ್ಥ ಹೇಳುವ ರೂಢಿಯಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ, ಠಾಣ್ಯದಲ್ಲೂ ಪನ್ವೇಲಿನಲ್ಲೂ ನಿಲ್ಲುವ ಮತ್ಸ್ಯಗಂಧ ಓಡತೊಡಗಿದ ಮೇಲೆ ಊರಿನ ಕಲಾವಿದ ಒಂದು ರಾತ್ರಿಯಷ್ಟು ಹತ್ತಿರವಾದ. ಕೇಳುಗರಿಗೆ ಇದು ಲಾಭವೇ. ಆದರೆ ನುರಿತವರ ಮಾತಿಗೆ ಕಿವಿ ಒಗ್ಗಿದ ಸಭೆಯ ಮುಂದೆ ತೊದಲುವ ಧೈರ್ಯ ಹೊಸಬನಿಗೆ ಎಲ್ಲಿಂದ ಬರಬೇಕು? ಅಮೆರಿಕದ ಆಟದಲ್ಲೂ ಹೀಗೇ ಆಗಿದೆ. 2015ರಲ್ಲಿ ವೃತ್ತಿಪರ ಕಂಠದಾನ ಕಲಾವಿದರು 'ಕ್ರಿಟಿಕಲ್ ರೋಲ್' ಹೆಸರಿನಲ್ಲಿ ತಮ್ಮ ಆಟವನ್ನು ಪ್ರಸಾರ ಮಾಡತೊಡಗಿದ ಮೇಲೆ, ಆಡದೆ ನೋಡುವವರ ಒಂದು ದೊಡ್ಡ ವರ್ಗವೇ ಹುಟ್ಟಿತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಮೆರಿಕದ ಹುಡುಗ ಆಡದಿದ್ದರೆ ಅವನ ಇಂಗ್ಲಿಷಿಗೇನೂ ಕೊರತೆಯಾಗದು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಹಿಂದಿ, ಮನೆಯಲ್ಲಿ ಹೆಚ್ಚಾಗಿ ತುಳು ಆಡುವ ಕಲ್ಯಾಣದ ಹುಡುಗಿಗೆ, ಒಂದೂ ಇಂಗ್ಲಿಷ್ ಪದ ಬೆರೆಸದೆ, ಬರೆದುಕೊಳ್ಳದೆ, ಎದುರಿನವನ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕಟ್ಟಲೇಬೇಕಾದ ಜಾಗ ಇದೊಂದೇ ಇರಬಹುದು. ಕೂಟದ ಶಿಸ್ತೇ ಅದು. ವಾಲಿ ಗೆದ್ದನೋ ರಾಮ ಗೆದ್ದನೋ ಎಂಬ ಜಗಳಕ್ಕಿಂತ, ಆ ಕಡೆ ಈ ಕಡೆ ಕೂರುವವರು ಯಾರು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ.

ಪರವಾನಗಿಗೆ ಹೋರಾಡಿದವರಿಗೆ ಕೊನೆಗೆ ಸಿಕ್ಕಿದ ಸ್ವಾತಂತ್ರ್ಯ ತಾಳಮದ್ದಳೆಯವರಿಗೆ ಮೊದಲಿನಿಂದ ಇದೆ. ಒಬ್ಬ ಭಾಗವತ, ಒಂದು ಮದ್ದಳೆ, ಭಾರತ ರಾಮಾಯಣ ಓದಿದ ನಾಲ್ಕು ಜನ ಸೇರಿದರೆ ಕೂಟವಾಯಿತು. ಮೇಳ ಹಾಳಾಯಿತು ಎನ್ನುವವನು ಎದ್ದುಹೋಗಬೇಕಾಗಿಲ್ಲ, ಸುಗ್ರೀವನ ಅರ್ಥಕ್ಕೆ ಒಬ್ಬರು ಕಡಿಮೆಯಿದ್ದರೆ ಬಂದು ಕೂರಬಹುದು. ಅಂಥ ಹವ್ಯಾಸಿ ಕೂಟದಲ್ಲಿ ಮಾತು ತಡವರಿಸೀತು, ಪದ್ಯ ತಪ್ಪೀತು. 1556ರಲ್ಲಿ ಭೂಮಿ ಪಡೆದವರ ಮಾತು ಹೇಗಿತ್ತೆಂದು ಯಾವ ಶಾಸನವೂ ಬರೆದಿಟ್ಟಿಲ್ಲ. ಅವರು ಆಡಿದರು ಎಂಬುದಷ್ಟೇ ಉಳಿದಿದೆ.