ಬೀಜ ಯಾರದು?

ನೋಡಿ, ಹೈಬ್ರಿಡ್ ಬೀಜ ಅಂದ್ರೆ ಅಮೆರಿಕಕ್ಕೆ ವ್ಯಾಪಾರ. 1930ರ ದಶಕದಲ್ಲೇ ಅಲ್ಲಿನ ಕಂಪನಿಗಳು ಹೈಬ್ರಿಡ್ ಮೆಕ್ಕೆಜೋಳ ಮಾರಿದವು. ಚೀನಾಕ್ಕೆ ಅದು ಸರ್ಕಾರದ ಕೆಲಸ. ಕ್ಷಾಮ ಕಂಡಿದ್ದ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ 1970ರಲ್ಲಿ ಹೈನಾನ್ ದ್ವೀಪದಲ್ಲಿ ಸ್ವಂತ ಪರಾಗದಿಂದ ಕಾಳು ಕಟ್ಟದ ಕಾಡುಭತ್ತ ಸಿಕ್ಕಿತು. ಬೇರೆ ತಳಿಯ ಪರಾಗ ಸೋಕಿಸಿದ್ರೆ ಹೈಬ್ರಿಡ್ ಬೀಜ ರೆಡಿ! 1976ರಿಂದ ಅದು ಚೀನಾದ ಸಾಮೂಹಿಕ ಗದ್ದೆಗಳಿಗೆ ಇಳಿಯಿತು.

ಆ ಕಾಡುಭತ್ತದ ಗುಣ ಮಂಡ್ಯಕ್ಕೂ ಬಂತು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೆಣ್ಣು ತಳಿ, ನಮ್ಮ ವಿ.ಸಿ. ಫಾರಂನ ಗಂಡು ತಳಿ ಕೆಎಂಆರ್-3. ಇವೆರಡರ ಕೂಸೇ 1996ರ ಕೆಆರ್‌ಎಚ್-2.

ಇಳುವರಿ ಜಾಸ್ತಿ, ನಿಜ. ಆದ್ರೆ ಎತ್ತಿಟ್ಟ ಕಾಳನ್ನೇ ಮತ್ತೆ ಬಿತ್ತಿದ್ರೆ ಆ ಬೆಳೆ ಬರಲ್ಲ. ಪ್ರತಿ ಸಲ ಬೀಜ ಕೊಳ್ಳಬೇಕು. ಕಂಪನಿಯಿಂದಲೋ, ಸರ್ಕಾರದಿಂದಲೋ? ಅಮೆರಿಕ, ಚೀನಾ ಎರಡಕ್ಕೂ ಉತ್ತರ ಗೊತ್ತಿತ್ತು. ನಮ್ಮ ಅಜ್ಜಂದಿರಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವರಿಗೆ ಬೀಜ ಅಂದ್ರೆ ಮನೆಯದು.